ಗುಡ್ಡವ್ವನ ಮನೆಗೆ ಬಂದ ಹಸಿ ಕಟ್ಟಿಗೆ

ಹುಣಸಿಪೇಟೆಯ ಮುನ್ಸಿಪಾಲ್ಟಿಯ ಶಿಪಾಯಿ ಕೆಂಚಪ್ಪನಿಗೆ ನಾಕಾದ ಕೆಲಸ ಗಂಟುಬಿದ್ದದ್ದು ಅವನು ಹೊತ್ತಲ್ಲದ ಹೊತ್ತಿನಲ್ಲಿ ಕೆಮ್ಮಿದ್ದರಿಂದ. ಒಳಗೆ ಕಮೀಟಿಯ ಸಭೆ ನಡೆದಿತ್ತು. ಊರಿನ ಹೊಗೆ ಕಡಿಮೆ ಮಾಡಲು ಹಸಿ ಕಟ್ಟಿಗೆಯನ್ನೂ ಕಲ್ಲಿದ್ದಲ ಪುಡಿಯನ್ನೂ ಪೇಟೆಯೊಳಗೆ ತರಕೂಡದು, ಮಾರಕೂಡದು ಎಂದು ಠರಾವು ಪಾಸಾಗಿತ್ತು. ಊರ ಬಾಗಿಲ ನಾಕಾದಲ್ಲಿ ನಿಂತು ಗಾಡಿ ತಡೆಯುವವರು ಯಾರು ಎಂಬ ಮಾತು ಬಂದಾಗ ಎಲ್ಲರೂ ತಮ್ಮ ಮುಂದಿನ ಕಾಗದ ಓದತೊಡಗಿದರು. ಅದೇ ಗಳಿಗೆಯಲ್ಲಿ ಬಾಗಿಲ ಹೊರಗೆ ಸ್ಟೂಲಿನ ಮೇಲೆ ಕೂತು ಶೇಂಗಾ ತಿನ್ನುತ್ತಿದ್ದ ಕೆಂಚಪ್ಪನ ಗಂಟಲಿಗೆ ಒಂದು ಸಿಪ್ಪೆ ಅಡ್ಡವಾಯಿತು.

"ಕೇಳಿದ್ರ್ಯಾ?" ಎಂದರು ಅಧ್ಯಕ್ಷರು. "ಹೊಗಿ ತ್ರಾಸ ಅನುಭವಿಸಿದವನಿಗೇ ಈ ಕೆಲಸ ಕೊಡಬೇಕು."

ಠರಾವೇನೋ ಒಳ್ಳೆಯದೇ. ಚಳಿಗಾಲದ ಸಂಜೆ ಹೋಟೆಲಿನವರು, ಭಟ್ಟಿಯವರು, ಮನೆಮನೆಯವರು ಒಲೆ ಹಚ್ಚಿದರೆಂದರೆ ಹೊಗೆ ಮೇಲೇರದೆ ಓಣಿಯಲ್ಲೇ ಎಮ್ಮೆಯಂತೆ ಮಲಗಿಬಿಡುತ್ತಿತ್ತು. ಆದರೆ ಊರೆಲ್ಲ ಬೇಡವೆಂದ ಹೊಗೆಯನ್ನು ತಡೆಯುವವನು ಒಬ್ಬನೇ. ಗಾಡಿಯವರು ಅವನನ್ನು ಬೈದರು. ಒಣ ಕಟ್ಟಿಗೆ ತುಟ್ಟಿಯಾಯಿತೆಂದು ಹೆಂಗಸರು ಬೈದರು. ಚಹಾದಂಗಡಿಯವನು ಅವನನ್ನು ಕಂಡರೆ ಬೆಂಚು ಎತ್ತಿ ಒಳಗಿಡತೊಡಗಿದ. ಮನೆಯಲ್ಲಿ ಹೆಂಡತಿ ಶೆಟ್ಟೆವ್ವ, "ಊರಿಗೆಲ್ಲ ಕಾಯ್ದೆ ಹೇಳತೀರಿ, ನಮ್ಮ ಒಲಿಗೆ ಏನ ಹಾಕಲಿ, ನಿಮ್ಮ ಟೊಪ್ಪಿಗಿ ಹಾಕಲ್ಯಾ?" ಎಂದು ಕೇಳಿದ್ದಳು. ಕೆಂಚಪ್ಪನಿಗೆ ಸಾಕಾಗಿ ಹೋಗಿತ್ತು.

ಆ ಸಂತೆಯ ದಿನ ಬೆಳಿಗ್ಗೆ ಸ್ಯಾನಿಟರಿ ಇನ್ಸ್‌ಪೆಕ್ಟರ್ ಶಿದ್ಲಿಂಗಪ್ಪ ಸೈಕಲ್ ಮೇಲೆ ನಾಕಾಕ್ಕೆ ಬಂದಾಗ ಕೆಂಚಪ್ಪ ಕೈ ಮುಗಿದ.

"ಸಾಹೇಬ್ರ, ನನ್ನ ಇಲ್ಲಿಂದ ತಗೀರಿ. ಚರಂಡಿ ಬಳಿಯಾಕ ಹಚ್ಚಿದ್ರೂ ಒಲ್ಲೆ ಅನ್ನಾಂಗಿಲ್ಲ."

"ತಗ್ಯಾಕ ನೀ ಏನರ ತಪ್ಪ ಮಾಡಬೇಕಲ್ಲೋ. ತಪ್ಪ ಮಾಡಲ್ದವನ್ನ ಹೆಂಗ ತಗೀಲಿ?" ಎಂದ ಶಿದ್ಲಿಂಗಪ್ಪ. "ಅದಿರ್ಲಿ, ಇವತ್ತ ಮೈಸೂರ ಕಡೆಯ ದೊಡ್ಡ ಹೆಲ್ತ್ ಆಫೀಸರ್ ಸಾಹೇಬ್ರು ಬರಾಕತ್ತಾರ. ಊರಾಗ ಒಂದ ಎಳಿ ಹೊಗಿ ಕಾಣಬಾರ್ದು. ಕಂಡ್ರ ನಿನ್ನ ಕತಿ ನೀ ನೋಡ್ಕೊ."

ಸೈಕಲ್ ಮರೆಯಾಗುವಷ್ಟರಲ್ಲಿ ಒಂದು ಎತ್ತಿನ ಗಾಡಿ ಬಂತು. ತುಂಬ ಜಾಲಿ ಕಟ್ಟಿಗೆ. ಎಷ್ಟು ಹಸಿ ಎಂದರೆ ಕಡಿದ ತುದಿಯಲ್ಲಿ ಇನ್ನೂ ಅಂಟು ಒಸರುತ್ತಿತ್ತು, ಕೆಲವು ಕೊಂಬೆಗಳ ಮೇಲೆ ಎಲೆಯೂ ಇತ್ತು. ಗಾಡಿ ಹೊಡೆಯುತ್ತಿದ್ದವನು ಘೋಡಗೇರಿಯ ಕಲ್ಲಪ್ಪ.

"ತಿರಗಸು," ಎಂದ ಕೆಂಚಪ್ಪ, ದಣಿದ ದನಿಯಲ್ಲಿ.

ಕಲ್ಲಪ್ಪ ಹಿಂದಿನ ಸಂತೆಗೂ ಹೀಗೇ ಬಂದು ತಿರುಗಿ ಹೋದವನು. ಈ ಸಲ ದಾರಿಯುದ್ದಕ್ಕೂ ವಿಚಾರ ಮಾಡಿಕೊಂಡೇ ಬಂದಿದ್ದ. ಠರಾವಿನಲ್ಲಿ ಸಾವಿನ ಕಾರ್ಯದ ಕಟ್ಟಿಗೆಗೆ ಮಾಫಿ ಉಂಟೆಂದು ಯಾರೋ ಅವನಿಗೆ ಹೇಳಿದ್ದರು.

"ಮಾರಾಕ ಅಲ್ರಿ ಇದು. ಹೆಣ ಸುಡಾಕ," ಎಂದ ಮುಖ ಬಾಡಿಸಿ.

"ಯಾರ ಸತ್ತಾರ?"

ಕಲ್ಲಪ್ಪ ಅಷ್ಟು ದೂರ ವಿಚಾರ ಮಾಡಿರಲಿಲ್ಲ. ಆ ಊರಿನಲ್ಲಿ ಅವನಿಗೆ ಹೆಸರು ಗೊತ್ತಿದ್ದ ಗಿರಾಕಿ ಒಬ್ಬಳೇ. ಕಟ್ಟಿಗೆ ಕೊಳ್ಳುವಾಗಲೆಲ್ಲ 'ಮುಂದಿನ ಸಂತಿಗೆ ನಾ ಇರ್ತೇನೋ ಇಲ್ಲೋ' ಎಂದು ಕೆಮ್ಮುತ್ತಿದ್ದ ಮುದುಕಿ.

"ಗುಡ್ಡವ್ವಾಯಿ ರಿ," ಎಂದುಬಿಟ್ಟ.

ಕೆಂಚಪ್ಪ ಟೊಪ್ಪಿಗೆ ತೆಗೆದು ಮತ್ತೆ ಇಟ್ಟುಕೊಂಡ. ಗುಡ್ಡವ್ವ ಅವನ ಓಣಿಯವಳೇ. ಆದರೂ ಶಿಪಾಯಿಗೆ ಸಂಶಯ ಬರಬೇಕಾದ್ದು ಧರ್ಮ. "ಖರೆ ಏನ? ಹಂಗಾದ್ರ ನಾನೂ ಬರ್ತೇನಿ, ನಡಿ," ಎಂದು ಗಾಡಿ ಹತ್ತಿ ಕಟ್ಟಿಗೆಯ ಮೇಲೆ ಕೂತ. ಜಾಲಿ ಮುಳ್ಳು ಎಲ್ಲೆಲ್ಲಿ ಚುಚ್ಚಬೇಕೋ ಅಲ್ಲೆಲ್ಲ ಚುಚ್ಚಿತು. ನೋವಿಗೆ ಅವನ ಮುಖ ಹಿಂಡಿದ ನಿಂಬೆಹಣ್ಣಿನ ಹಾಗಾಯಿತು. ಸಾವಿನ ಸುದ್ದಿಗೆ ಅದಕ್ಕಿಂತ ಒಪ್ಪುವ ಮುಖ ಬೇಕಿರಲಿಲ್ಲ.

"ಎಲ್ಲಿಗೋ ಕೆಂಚಪ್ಪಾ, ಕಟ್ಟಿಗಿ ಗಾಡಿ ಮ್ಯಾಲ?" ಎಂದು ಸಂತೆಯಲ್ಲಿ ಯಾರೋ ಕೂಗಿದರು.

"ಗುಡ್ಡವ್ವಾಯಿ ಹ್ವಾದ್ಲಂತ. ಖರೆ ಏನೋ ನೋಡಾಕ ಹೊಂಟೇನಿ," ಎಂದ ಕೆಂಚಪ್ಪ. ಕೇಳಿದವರು ಮೊದಲಿನ ಮಾತನ್ನಷ್ಟೇ ಎತ್ತಿಕೊಂಡು ಓಡಿದರು. ಎತ್ತುಗಳು ಸಂತೆ ದಾಟುವುದರೊಳಗೆ ಸುದ್ದಿ ಓಣಿ ಮುಟ್ಟಿ, ಅಲ್ಲಿಂದ ಸಂತೆಗೆ ಬಂದಿದ್ದ ನಾಗನೂರಿನವರ ಕಿವಿಗೂ ಬಿದ್ದಿತ್ತು.

ಗುಡ್ಡವ್ವನ ಮನೆ ಮುಂದೆ ಆಗಲೇ ಮಂದಿ ಸೇರಿದ್ದರು. ಬಾಗಿಲಿಗೆ ಬೀಗ. ಬಾಜೂ ಮನೆಯ ಪಾರವ್ವ ಕಟ್ಟೆಯ ಮೇಲೆ ಕೂತು ತಲೆ ಮೇಲೆ ಕೈ ಹೊತ್ತು ಅಳುತ್ತಿದ್ದಳು.

"ಮುಂಜಾನೆ ಕೆಮ್ಮಕೋತ ಘಟಪ್ರಭಾ ದವಾಖಾನಿಗೆ ಬಸ್ ಹತ್ತಿದ್ಲೋ ಎಪ್ಪಾ! ನಾ ಹೋಗಿ ಬರ್ತೇನಿ ಪಾರೂ ಅಂದ್ಲು. ಹೋದ್ಲು, ಬರಲಿಲ್ಲೋ!"

ಇದನ್ನು ಕೇಳಿ ಎಲ್ಲರಿಗಿಂತ ಹೆಚ್ಚು ಹೆದರಿದವನು ಕಲ್ಲಪ್ಪ. ತಾನು ಬಾಯಿಗೆ ಬಂದ ಹೆಸರು ಹೇಳಿದ್ದಕ್ಕೇ ಮುದುಕಿಯ ಜೀವ ಹೋಯಿತೆಂದು ಅವನು ನಂಬಿಬಿಟ್ಟ. ಕಟ್ಟಿಗೆಯನ್ನು ಅಂಗಳಕ್ಕೆ ಸುರುವಿ, "ಪುಕ್ಕಟ ಇರ್ಲಿ ರಿ, ಪುಣ್ಯಾದ ಕೆಲಸ," ಎಂದವನೇ ಎತ್ತುಗಳ ಬಾಲ ತಿರುವಿದ. ಕೆಂಚಪ್ಪ "ಏ, ನಿಲ್ಲೋ!" ಎನ್ನುವಷ್ಟರಲ್ಲಿ ಗಾಡಿಯ ಧೂಳು ಮಾತ್ರ ಉಳಿದಿತ್ತು.

ಸಂತೆಗೆ ಬಂದಿದ್ದ ನಾಗನೂರಿನ ಮಾಲಿಂಗಪ್ಪ ಬೆವರು ಒರೆಸಿಕೊಳ್ಳುತ್ತ ಬಂದ. ಗುಡ್ಡವ್ವನ ತಮ್ಮನ ಮಗ, ಅವಳಿಗೆ ಇದ್ದೊಬ್ಬ ವಾರಸುದಾರ. ಬಂದವನು ಮೊದಲು ಮನೆಯ ಗೋಡೆಯನ್ನು ತಟ್ಟಿ ನೋಡಿದ, ಆಮೇಲೆ ಅತ್ತ. ಅತ್ತು ಮುಗಿಸಿ ಯಜಮಾನಿಕೆ ವಹಿಸಿಕೊಂಡ.

"ಅತ್ತಿನ್ನ ದವಾಖಾನಿಯಿಂದ ಇನ್ನೇನ ತಂದಬಿಡ್ತಾರ. ಮೈ ತೊಳ್ಯಾಕ ನೀರ ಕಾಸ್ರಿ. ಬಂದವ್ರಿಗೆ ಚಾ ಇಡ್ರಿ."

"ಮಾಲಿಂಗಪ್ಪಾ, ಈ ಕಟ್ಟಿಗಿ ಹಚ್ಚಬ್ಯಾಡ್ರಿ," ಎಂದ ಕೆಂಚಪ್ಪ. "ಹಸೀ ಐತಿ. ಇವತ್ತ ದೊಡ್ಡ ಸಾಹೇಬ್ರು ಬರಾಕತ್ತಾರ."

ಇಡೀ ಅಂಗಳ ಅವನತ್ತ ತಿರುಗಿತು.

"ಹೆಣಾ ಬರೂ ಹೊತ್ತಿನ್ಯಾಗ ಕಾಯ್ದೆ ತಗೀತಿಯೇನೋ?" ಎಂದಳು ಪಾರವ್ವ. "ಇದ ಓಣ್ಯಾಗ ಬೆಳದಾಂವ ನೀ! ಆಕಿ ಕೈಯಾಗಿನ ರೊಟ್ಟಿ ತಿಂದಿಲ್ಲ? ಹಿಡಿ ಈ ಕೊಳವಿ, ಊದು!"

ಮೂರು ಕಲ್ಲಿಟ್ಟು ಹಂಡೆ ಏರಿಸಿದರು, ಪಕ್ಕದಲ್ಲಿ ಚಹಾದ ಪಾತ್ರೆಗೆ ಇನ್ನೊಂದು ಒಲೆ. ಹುಣಸಿಪೇಟೆಯ ಹೊಗೆ ತಡೆಯುವ ಶಿಪಾಯಿ ಅಂಗಾಲ ಮೇಲೆ ಕೂತು ಊದುಗೊಳವಿಯಿಂದ ಊದತೊಡಗಿದ. ಹಸಿ ಜಾಲಿ ಬೆಂಕಿಗೆ ಜಗ್ಗಲಿಲ್ಲ. ಚುಂಯ್ ಎಂದು ನೊರೆ ಕಾರಿತು, ಸಿಡಿಯಿತು, ಕಡೆಗೆ ಅವನ ಮೇಲಿನ ಸಿಟ್ಟಿಗೆಂಬಂತೆ ಹೊಗೆ ಬಿಟ್ಟಿತು. ಹೊಗೆ ಸಾದಾ ಹೊಗೆಯಲ್ಲ, ಕಂಬಳಿಯಂಥದು. ಮೊದಲು ಅಂಗಳ ಕಾಣದಾಯಿತು, ಆಮೇಲೆ ಎದುರು ಮನೆ, ಆಮೇಲೆ ಓಣಿ. ಕಾಟಾಚಾರಕ್ಕೆ ಬಂದು ನಿಂತವರ ಕಣ್ಣಿನಿಂದಲೂ ಧಾರೆಧಾರೆಯಾಗಿ ನೀರು ಇಳಿಯಿತು. ಇಷ್ಟು ಮಂದಿ ಅತ್ತೆಗಾಗಿ ಅಳುವುದನ್ನು ನೋಡಿ ಮಾಲಿಂಗಪ್ಪನಿಗೆ ಹೆಮ್ಮೆಯಾಯಿತು.

ಅಷ್ಟರಲ್ಲಿ ಘಟಪ್ರಭಾದ ಬಸ್ಸಿನಿಂದ ಇಳಿದು ಗುಡ್ಡವ್ವ ಓಣಿಗೆ ಬಂದಳು. ಕೈಯಲ್ಲಿ ಔಷಧದ ಬಾಟಲಿ. ಹೊಗೆಯಿಂದ ದೂರ ಇರಬೇಕೆಂದು ಡಾಕ್ಟರರು ಹೇಳಿ ಕಳಿಸಿದ್ದರು. ಹೊಗೆಯೊಳಗೆ ಅಳುವ ಸದ್ದು ಕೇಳಿ ಅವಳು ಬಿರಬಿರನೆ ಹೆಜ್ಜೆ ಹಾಕಿದಳು. ಯಾರದೋ ಮನೆಯಲ್ಲಿ ಸಾವಾಗಿದೆ; ಅದು ತನ್ನದೇ ಅಂಗಳವೆಂದು ಆ ಹೊಗೆಯಲ್ಲಿ ಗೊತ್ತಾಗಲಿಲ್ಲ. ಇಂಥ ಹೊತ್ತಿನಲ್ಲಿ ಕೇಳುತ್ತ ನಿಲ್ಲುವ ಹೆಂಗಸಲ್ಲ ಅವಳು. ಮುಖಕ್ಕೆ ಸೆರಗು ಹಿಡಿದು ಗೊತ್ತಿದ್ದ ದನಿಯನ್ನು ಹುಡುಕಿಕೊಂಡು ಹೋಗಿ ಪಾರವ್ವನ ಬಾಜೂ ಕುಕ್ಕರಿಸಿ ತಾನೂ ದನಿ ತೆಗೆದು ಅತ್ತಳು.

"ಎಂಥಾ ಜೀವ ಹೋತ ಯವ್ವಾ! ಎಂಥಾ ಚಿನ್ನದಂಥಾ ಜೀವ!"

ಪಾರವ್ವ ಅವಳ ಹೆಗಲ ಮೇಲೆ ತಲೆಯಿಟ್ಟು ಇನ್ನೂ ಜೋರಾಗಿ ಅತ್ತಳು. ಇಬ್ಬರೂ ಸಾಕಾಗುವಷ್ಟು ಅತ್ತ ಮೇಲೆ ಗುಡ್ಡವ್ವ ಮೂಗು ಒರೆಸಿಕೊಂಡು ಮೆಲ್ಲಗೆ ಕೇಳಿದಳು:

"ಯಾರ ಸತ್ತಾರವ್ವಾ ಪಾರೂ?"

"ಗುಡ್ಡವ್ವ ಸತ್ಲ ಯವ್ವಾ," ಎಂದಳು ಪಾರವ್ವ ಕಣ್ಣು ಮುಚ್ಚಿಕೊಂಡೇ.

"ಯಾವ ಗುಡ್ಡವ್ವ?"

ಪಾರವ್ವ ಕಣ್ಣು ತೆರೆದಳು. ಅವಳು ಕಿರುಚಿದ ಕಿರುಚಿಗೆ ಹಂಡೆಗೆ ನೀರು ಹೊಯ್ಯುತ್ತಿದ್ದವನು ಕೊಡ ಬಿಟ್ಟ. ಅರ್ಧ ಮಂದಿ ಓಡಿದರು. ಕೆಂಚಪ್ಪನಿಗೆ ಓಡಲೂ ತ್ರಾಣವಿರಲಿಲ್ಲ, ಕೊಳವಿ ಬಾಯಲ್ಲಿಟ್ಟುಕೊಂಡೇ ಕೂತಿದ್ದ.

ನಡೆದದ್ದು ತಿಳಿಯಲು ಗುಡ್ಡವ್ವನಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಅವಳು ಕಟ್ಟಿಗೆಯ ರಾಶಿ ನೋಡಿದಳು, ಮಾಲಿಂಗಪ್ಪನನ್ನು ನೋಡಿದಳು.

"ಅಲ್ಲೋ, ನಮ್ಮ ಮನಿತನದಾಗ ಹುಗೀತಾರ, ಸುಡಾಂಗಿಲ್ಲ. ಅದೂ ಗೊತ್ತಿಲ್ದ ನನ್ನ ಮಣ್ಣಿಗೆ ಬಂದೀಯೇನ? ಹಸಿ ಕಟ್ಟಿಗಿ ಬ್ಯಾರೆ! ಸತ್ತ ಮ್ಯಾಲರ ನನ್ನ ಕೆಮ್ಮಸೂದು ಬಿಡಬಾರ್ದೇನೋ?"

"ಅತ್ತಿ, ನಾ ತರಿಸಿಲ್ಲ. ಈ ಶಿಪಾಯಿ ತಂದಾನ," ಎಂದ ಮಾಲಿಂಗಪ್ಪ.

ಆಗಲೇ ಓಣಿಯ ತುದಿಯಲ್ಲಿ ಜೀಪು ನಿಂತ ಸದ್ದಾಯಿತು. ದೂರದ ರಸ್ತೆಯಿಂದಲೇ ಹೊಗೆ ಕಂಡು, ಊರಿಗೆ ಬೆಂಕಿ ಬಿದ್ದಿದೆಯೆಂದು ದೊಡ್ಡ ಸಾಹೇಬರು ನೆಟ್ಟಗೆ ಅಲ್ಲಿಗೇ ಬಂದಿದ್ದರು. ಹಿಂದೆ ಶಿದ್ಲಿಂಗಪ್ಪ, ಸುಣ್ಣದಂತೆ ಬಿಳುಚಿಕೊಂಡ ಮುಖ.

"ಈ ಹಸಿ ಸೌದೆ ಇಲ್ಲಿಗೆ ಹೇಗೆ ಬಂತು?" ಎಂದು ಕೇಳಿದರು ಸಾಹೇಬರು, ಕರವಸ್ತ್ರ ಮೂಗಿಗೆ ಹಿಡಿದು.

"ಸೌದಾ, ವ್ಯಾಪಾರ ಏನೂ ಆಗಿಲ್ರಿ," ಎಂದ ಮಾಲಿಂಗಪ್ಪ ಗಾಬರಿಯಿಂದ. "ಪುಕ್ಕಟ ಇಳಿಸ್ಯಾನ್ರಿ."

"ಕಟ್ಟಿಗಿ, ಕಟ್ಟಿಗಿ ಕೇಳಾಕತ್ತಾರ," ಎಂದು ಶಿದ್ಲಿಂಗಪ್ಪ ಹಲ್ಲು ಕಡಿದ. "ಯಾರ ತಂದಾರ ಹೇಳ್ರಿ!"

ಒಬ್ಬನು ಆಕಾಶ ನೋಡಿದ, ಇನ್ನೊಬ್ಬನು ತನ್ನ ಚಪ್ಪಲಿ ನೋಡಿದ. ಪಾರವ್ವ ತಾನು ಆ ಊರಿನವಳೇ ಅಲ್ಲವೆಂಬಂತೆ ನಿಂತಳು. ಕೆಂಚಪ್ಪ ಸುತ್ತ ನೋಡಿದ. ಮೈಯಲ್ಲಿ ಮುಳ್ಳು, ಕಣ್ಣಲ್ಲಿ ಉರಿ, ಎದೆಯಲ್ಲಿ ಹೊಗೆ. ನಾಳೆ ಮತ್ತೆ ನಾಕಾ, ಮತ್ತೆ ಬೈಗುಳ. ಆಗ ಅವನಿಗೆ ಥಟ್ಟನೆ ಒಂದು ವಿಚಾರ ಹೊಳೆಯಿತು. ಎಷ್ಟೋ ದಿನದಿಂದ ಬೇಡಿದರೂ ಸಿಗದ ಬಿಡುಗಡೆ ಕಣ್ಣೆದುರು ಬಂದು ನಿಂತಿದೆ, ಕೈ ಚಾಚಿದರೆ ಸಾಕು.

ಅವನು ಎದ್ದು ನಿಂತು ಟೊಪ್ಪಿಗೆ ಸರಿಮಾಡಿಕೊಂಡ.

"ನಾನ ರಿ ಸಾಹೇಬ್ರ. ನಾಕಾದಾಗ ಇರೂ ಶಿಪಾಯಿ ನಾನ. ಗಾಡಿ ಒಳಗ ಬಿಟ್ಟಾಂವ ನಾನ, ಅದರ ಮ್ಯಾಲ ಕುಂತ ತಂದಾಂವ ನಾನ, ಈಗ ಊದಿ ಹೊಗಿ ಮಾಡಿದಾಂವನೂ ನಾನ. ಬ್ಯಾರೆ ಯಾರದೂ ತಪ್ಪಿಲ್ರಿ. ನಾ ಈ ಕೆಲಸಕ್ಕ ನಾಲಾಯಕ ಅದೇನಿ. ನನ್ನ ಇವತ್ತ ತಗದ ಹಾಕ್ರಿ."

ಹೇಳಿ ಮುಗಿಸಿದಾಗ ಅವನಿಗೆ ಎಷ್ಟೋ ತಿಂಗಳ ಮೇಲೆ ಉಸಿರು ಸರಾಗವಾಗಿ ಆಡಿದಂತಾಯಿತು. ಶಿದ್ಲಿಂಗಪ್ಪ ಕಣ್ಣು ಮುಚ್ಚಿಕೊಂಡ.

ಸಾಹೇಬರು ಕೆಂಚಪ್ಪನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಕರವಸ್ತ್ರ ಜೇಬಿಗೆ ಇಟ್ಟರು.

"ಇನ್ಸ್‌ಪೆಕ್ಟರೇ, ನಾನು ಎಷ್ಟೋ ಊರು ಸುತ್ತಿ ಬರುತ್ತಿದ್ದೇನೆ. ಎಲ್ಲ ಕಡೆಯೂ ಹೊಗೆ ಇದೆ, ಸೌದೆ ತಂದವರು ಮಾತ್ರ ಯಾರೂ ಇಲ್ಲ. ಎಲ್ಲ ನಾಕಾದಲ್ಲೂ ಶಿಪಾಯಿಗಳು ಏನೂ ನೋಡಿಲ್ಲ, ಏನೂ ಕೇಳಿಲ್ಲ. ತನ್ನ ತಪ್ಪನ್ನು ತಾನೇ ಒಪ್ಪಿಕೊಂಡ ಒಬ್ಬ ಮನುಷ್ಯನನ್ನು ಈವತ್ತು ಕಂಡೆ."

"ಹೌದ್ರಿ ಸಾಹೇಬ್ರ," ಎಂದ ಶಿದ್ಲಿಂಗಪ್ಪ, ಗಾಳಿ ತಿರುಗಿದ್ದನ್ನು ಕಂಡು. "ನಾನ ಆರಿಸಿ ಹಾಕೀನ್ರಿ ಇವನ್ನ."

"ಕಾಯ್ದೆ ಕಾಯ್ದೆಯೇ. ದಂಡ ಇವರು ಕಟ್ಟಲೇಬೇಕು. ಆದರೆ ಇಂಥವರನ್ನು ಒಂದೇ ಊರಿನಲ್ಲಿ ಇಟ್ಟುಕೊಳ್ಳುವುದು ಸರಿಯಲ್ಲ. ಇಲ್ಲಿಯ ನಾಕಾ ಇವರಿಗೇ ಕಾಯಂ ಇರಲಿ. ಮೂಡಲಗಿಯಲ್ಲಿ ಸಂತೆ ಇದ್ದಾಗ ಮೂಡಲಗಿಗೆ ಹೋಗಲಿ, ಹುಕ್ಕೇರಿಯಲ್ಲಿ ಇದ್ದಾಗ ಹುಕ್ಕೇರಿಗೆ. ನಾನೇ ಆರ್ಡರು ಕಳಿಸುತ್ತೇನೆ."

ಕೆಂಚಪ್ಪ ಬಾಯಿ ತೆರೆದ. ಏನೋ ಹೇಳಬೇಕೆಂದುಕೊಂಡ. ಬಂದದ್ದು ಕೆಮ್ಮು.

"ನೋಡಿ, ಎಷ್ಟು ಭಾವುಕರಾಗಿದ್ದಾರೆ," ಎಂದು ಸಾಹೇಬರು ಅವನ ಬೆನ್ನು ತಟ್ಟಿ ಜೀಪು ಹತ್ತಿದರು.

ಜೀಪು ಹೋಯಿತು. ಹೊಗೆ ನಿಧಾನವಾಗಿ ತಿಳಿಯಾಯಿತು. ಅಂಗಳದ ನಡುವೆ ಕೆಂಚಪ್ಪ ಕಟ್ಟಿಗೆಯ ರಾಶಿಗೆ ಒರಗಿ ಕೂತಿದ್ದ, ಮುಳ್ಳಿನ ಅರಿವೂ ಅವನಿಗಿರಲಿಲ್ಲ. ಮಣ್ಣಿಗೆಂದು ಬಂದ ಮಂದಿಗೆ ಸುಮ್ಮನೆ ತಿರುಗಿ ಹೋಗಲು ಮನಸ್ಸಾಗಲಿಲ್ಲ. ಎಲ್ಲರಿಗಿಂತ ಮೊದಲು ಗುಡ್ಡವ್ವ ಬಂದು ಅವನ ಮುಂದೆ ಕೂತು ತಲೆ ಸವರಿದಳು.

"ಗಟ್ಟಿ ಮನಸ್ಸ ಮಾಡ್ಕೊ ಕೆಂಚ್ಯಾ. ಯಾರ ಕೈಯಾಗೂ ಇಲ್ಲ ಇದು."

ಅವಳ ಹಿಂದೆ ಪಾರವ್ವ ಬಂದಳು, ಅವಳ ಹಿಂದೆ ಮಾಲಿಂಗಪ್ಪ. ಓಡಿಹೋದವರೂ ತಿರುಗಿ ಬಂದು ಸಾಲು ಹಿಡಿದರು. ಒಬ್ಬೊಬ್ಬರಾಗಿ ಅವನ ಮುಂದೆ ಬಾಗಿ, ಕೈ ಹಿಡಿದು, ಸಮಾಧಾನ ಹೇಳಿ, ಒಂದೊಂದು ಬಟ್ಟಲು ಹೊಗೆ ವಾಸನೆಯ ಚಹಾ ಕುಡಿದು ಮನೆಗೆ ಹೋದರು.