ಓಸ್ಮೋ ಸೋಲಲು ಹೊರಟಿದ್ದು

ಓಸ್ಮೋ ಹ್ಯುತ್ತಿನೆನ್ ಅವತ್ತು ಸಂಜೆ ರೈ ಬ್ರೆಡ್ಡು ತೆಗೆದುಕೊಂಡು ಬಾಯಿ ಮುಚ್ಚಿಕೊಂಡು ಮನೆಗೆ ಹೋಗಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಬೇಕರಿಯ ಎನ್ಸಿಯೋ ಬ್ರೆಡ್ಡನ್ನು ಕಾಗದದಲ್ಲಿ ಸುತ್ತುತ್ತಾ ಸುಮ್ಮನಿರಲಾರದೆ ಒಂದು ಮಾತು ಕೇಳಿದ.

"ಅಲ್ಲ ಕಣೋ, ಪ್ರತಿ ಭಾನುವಾರ ನನ್ ಜೊತೆ ಡಿಸ್ಕ್ ಗಾಲ್ಫ್ ಆಡ್ತೀಯ. ನಾಳೆ ನಮ್ಮೂರಲ್ಲೇ ಟೂರ್ನಮೆಂಟ್ ಇದೆ. ಒಂದ್ ಸಲ ಆಡಬಾರ್ದಾ?"

"ಆಡಿದ್ರೆ ನಾನೇ ಗೆಲ್ತೀನಿ," ಎಂದ ಓಸ್ಮೋ. "ಪಾಪ, ಉಳಿದೋರು ವರ್ಷವೆಲ್ಲಾ ಅಭ್ಯಾಸ ಮಾಡಿರ್ತಾರೆ. ಅವರ ಹೊಟ್ಟೆ ಯಾಕೆ ಉರಿಸ್ಲಿ ಅಂತ ಸುಮ್ನಿದೀನಿ."

ಅವನ ಬೆನ್ನ ಹಿಂದೆ ಸರದಿಯಲ್ಲಿ ಪಕ್ಕದ ಮನೆಯ ಇರ್ಮೆಲಿ ನಿಂತಿದ್ದರು. ಇರ್ಮೆಲಿ ಶಾಲೆಯಲ್ಲಿ ವ್ಯಾಯಾಮ ಕಲಿಸಿ ನಿವೃತ್ತರಾದವರು. ಹಾಪಲಂಪಿ ಊರಿನ ಅರ್ಧದಷ್ಟು ಜನರನ್ನು ಹಗ್ಗ ಹತ್ತಿಸಿದವರು. ಉಳಿದ ಅರ್ಧವನ್ನೂ ಹತ್ತಿಸಬೇಕೆಂಬ ಆಸೆ ಅವರಿಗೆ ಇನ್ನೂ ಬತ್ತಿರಲಿಲ್ಲ.

ನಿಜ ಹೇಳಬೇಕೆಂದರೆ ಓಸ್ಮೋನ ಭಾನುವಾರದ ಆಟವೇ ಬೇರೆ. ಕಾಡಿನೊಳಗೆ ಅಲ್ಲಲ್ಲಿ ಕಂಬಕ್ಕೆ ಸರಪಳಿ ಇಳಿಬಿಟ್ಟ ಬುಟ್ಟಿಗಳಿರುತ್ತವೆ. ತಟ್ಟೆಯಂಥ ಪ್ಲಾಸ್ಟಿಕ್ ಡಿಸ್ಕನ್ನು ಎಸೆದು ಎಸೆದು ಬುಟ್ಟಿಗೆ ಬೀಳಿಸಬೇಕು. ಕಡಿಮೆ ಎಸೆತದಲ್ಲಿ ಮುಗಿಸಿದವನು ಗೆದ್ದ. ಓಸ್ಮೋ ಮತ್ತು ಎನ್ಸಿಯೋ ಎಸೆತ ಎಣಿಸುವ ಗೋಜಿಗೇ ಹೋಗುತ್ತಿರಲಿಲ್ಲ. ಪೈನ್ ಮರಕ್ಕೆ ಬಡಿದರೆ "ಅದು ಲೆಕ್ಕಕ್ಕಿಲ್ಲ" ಎಂದು ಇನ್ನೊಮ್ಮೆ ಎಸೆಯುವುದು, ನಡುವೆ ಬ್ಲೂಬೆರಿ ಕಿತ್ತು ತಿನ್ನುವುದು, ಫ್ಲಾಸ್ಕಿನ ಕಾಫಿ ಮುಗಿದ ಕಡೆ ಆಟವನ್ನೂ ಮುಗಿಸುವುದು. ಓಸ್ಮೋ ಡ್ರೈವಿಂಗ್ ಶಾಲೆಯ ಮೇಷ್ಟ್ರು. ವಾರವಿಡೀ ಪಕ್ಕದ ಸೀಟಿನಲ್ಲಿ ಕೂತು ಇತರರ ತಪ್ಪು ಹಿಡಿಯುವುದೇ ಅವನ ಉದ್ಯೋಗ. ತನ್ನ ತಪ್ಪನ್ನು ಇನ್ನೊಬ್ಬರು ನೋಡುತ್ತಾರೆ ಎಂದುಕೊಂಡರೆ ಸಾಕು, ಅವನ ಬಲಗೈ ಹಳೆಯ ಫ್ರಿಜ್ಜಿನ ಹಾಗೆ ಗಡಗಡ ಎನ್ನುತ್ತಿತ್ತು. ಟೂರ್ನಮೆಂಟಿನಿಂದ ದೂರ ಇದ್ದದ್ದು ಅದಕ್ಕೆ.

ಶನಿವಾರ ಬೆಳಿಗ್ಗೆ ಬಾಗಿಲು ದಡದಡ ಬಡಿಯಿತು.

"ಓಸ್ಮೋ! ಏಳಪ್ಪಾ! ಹತ್ತು ಗಂಟೆಗೆ ಶುರು."

"ಏನು ಶುರು?"

"ನಿನ್ನ ಗೆಲುವು! ನಿನ್ನೇನೇ ನಿನ್ನ ಹೆಸರು ಕೊಟ್ಟಿದೀನಿ. ಹೊಸಬರ ಗುಂಪಲ್ಲಿ ಒಂದೇ ಒಂದು ಜಾಗ ಖಾಲಿ ಇತ್ತು. ಅದೃಷ್ಟ ನಿನ್ನದು!" ಎಂದರು ಇರ್ಮೆಲಿ.

"ಅಯ್ಯೋ, ನಂಗೆ ಭುಜ ನೋವು..."

ಇರ್ಮೆಲಿ ಅವನ ತೋಳು ಹಿಡಿದು ರಾಟೆ ತಿರುಗಿಸಿದಂತೆ ಗರಗರ ತಿರುಗಿಸಿದರು. "ಈಗ ಹೇಗಿದೆ?"

"ಈಗ ನಿಜವಾಗ್ಲೂ ನೋಯ್ತಿದೆ."

"ನೋವು ಅಂದ್ರೆ ಸ್ನಾಯು ಎಚ್ಚರ ಆಯ್ತು ಅಂತ ಅರ್ಥ. ನಡಿ ನಡಿ. ಊರಿಗೆಲ್ಲಾ ಹೇಳಿದೀನಿ."

ದಾರಿಯಲ್ಲಿ ಎನ್ಸಿಯೋ ಜೊತೆಯಾದ. ಓಸ್ಮೋನ ಮುಖ ನೋಡಿ ಅವನಿಗೆ ಮರುಕ ಬಂದು ಡಿಸ್ಕಿನ ಚೀಲ ತಾನೇ ಹೊರುತ್ತೇನೆಂದ. ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಓಸ್ಮೋಗೆ ಒಂದು ಉಪಾಯ ಹೊಳೆಯಿತು.

"ನೋಡು ಎನ್ಸಿಯೋ, ನಾನು ಬೇಕಂತ್ಲೇ ಸೋಲ್ತೀನಿ. ಅಂತಿಂಥ ಸೋಲಲ್ಲ. ಇನ್ನು ಈ ಜನ್ಮದಲ್ಲಿ ಯಾರೂ ನನ್ನ ಟೂರ್ನಮೆಂಟಿಗೆ ಕರೀಬಾರ್ದು, ಅಂಥ ಸೋಲು."

"ಸೋಲೋಕೆ ಇಷ್ಟು ಯೋಚನೆ ಯಾಕೆ ಮಾರಾಯ? ನೀನು ಮಾಮೂಲಾಗಿ ಆಡಿದ್ರೆ ಸಾಕು," ಎಂದ ಎನ್ಸಿಯೋ.

ಮೊದಲ ಬುಟ್ಟಿಯ ಹತ್ತಿರ ಜನ ನೆರೆದಿದ್ದರು. ಓಸ್ಮೋನ ಜೊತೆಗೆ ಆಡಬೇಕಾದವನು ಯಾಲ್ಮಾರಿ ಎಂಬ ಉದ್ದನೆಯ ಮನುಷ್ಯ. ಬೆನ್ನಿಗೆ ಒಂದು ಕುಟುಂಬ ವಾಸ ಮಾಡಬಹುದಾದಷ್ಟು ದೊಡ್ಡ ಚೀಲ. ನಿಯಮಗಳೆಲ್ಲ ಅವನಿಗೆ ಬಾಯಿಪಾಠ. ಓಸ್ಮೋ "ಶುಭವಾಗ್ಲಿ" ಎಂದು ಕೈ ಚಾಚಿದರೆ, "ಒಬ್ಬರು ಎಸೆಯೋಕೆ ನಿಂತಾಗ ಇನ್ನೊಬ್ಬರು ಮಾತಾಡಬಾರ್ದು," ಎಂದ.

ಓಸ್ಮೋ ಬುಟ್ಟಿಗೆ ಬೆನ್ನು ಹಾಕುವುದೊಂದು ಬಾಕಿ, ಅಷ್ಟು ಓರೆಯಾಗಿ ನಿಂತು ದಟ್ಟ ಪೈನ್ ಮರಗಳ ಕಡೆಗೆ ಬೀಸಿ ಎಸೆದ. ಸೋಲುವುದು ಖಚಿತವಾಗಿದ್ದರಿಂದ ಕೈ ಒಂದಿಷ್ಟೂ ನಡುಗಲಿಲ್ಲ. ಡಿಸ್ಕು ಒಂದು ಮರಕ್ಕೆ ಠಪ್ ಎಂದು ಬಡಿದು, ಎದುರಿನ ಮರಕ್ಕೆ ಹಾರಿ, ಅಲ್ಲಿಂದ ಚಿಮ್ಮಿ, ಬುಟ್ಟಿಯ ಬುಡದಲ್ಲಿ ಸಾಕಿದ ಬೆಕ್ಕಿನಂತೆ ಮಲಗಿತು.

ಜನ ಹೋ ಎಂದರು. ಯಾಲ್ಮಾರಿ ಗದ್ದ ಕೆರೆದುಕೊಂಡ. "ಎರಡು ಮರ ಬಳಸ್ಕೊಂಡ್ರಲ್ಲ! ಇದನ್ನ ಎಲ್ಲಿ ಕಲಿತ್ರಿ?"

ಎರಡನೆಯ ಬುಟ್ಟಿಗೆ ಓಸ್ಮೋ ಎಡಗೈಯಲ್ಲಿ ಎಸೆದ. ಡಿಸ್ಕು ನೆಲಕ್ಕೆ ಬಿದ್ದು, ಅಂಚಿನ ಮೇಲೆ ನಿಂತು, ಗಾಡಿಯಿಂದ ಕಳಚಿದ ಚಕ್ರದ ಹಾಗೆ ಕಾಲುದಾರಿಯುದ್ದಕ್ಕೂ ಉರುಳಿ, ತಿರುವಿನಲ್ಲಿ ತಿರುಗಿ, ಬುಟ್ಟಿಯ ಮುಂದೆ ಸುಸ್ತಾಗಿ ಬಿತ್ತು. ಮೂರನೆಯ ಬುಟ್ಟಿಯಲ್ಲಿ ನೇರ ಪಕ್ಕದ ಸರೋವರಕ್ಕೇ ಎಸೆದ. ಅಷ್ಟು ಹೊತ್ತೂ ಮಲಗಿದ್ದ ಗಾಳಿ ಎದ್ದು, ನೀರಿನ ಮೇಲಿಂದ ಡಿಸ್ಕನ್ನು ಎತ್ತಿ ತಂದು ಸರಪಳಿಗೆ ಝಣ್ ಎಂದು ಒಪ್ಪಿಸಿತು.

"ನಾನು ಹೇಳಿರ್ಲಿಲ್ವಾ!" ಕಾಫಿ ಅಂಗಡಿಯಿಂದ ಇರ್ಮೆಲಿಯ ಕೂಗು ಕಾಡೆಲ್ಲಾ ಕೇಳಿಸಿತು. "ನಮ್ಮ ಪಕ್ಕದ ಮನೆಯವನು!"

ಸುದ್ದಿ ಹರಡಿ ಅವನ ಡ್ರೈವಿಂಗ್ ಶಿಷ್ಯರೂ ಬಂದು ಸೇರಿದರು. ಅವನ ಕೈಯಲ್ಲಿ ಬೈಸಿಕೊಂಡವರು, ಮೂರು ಮೂರು ಸಲ ಫೇಲಾದವರು. "ಮೇಷ್ಟ್ರೇ, ಕನ್ನಡಿ ನೋಡ್ಕೊಳಿ!" ಎಂದೊಬ್ಬಳು. "ಕ್ಲಚ್ ನಿಧಾನಕ್ಕೆ ಬಿಡಿ!" ಎಂದಿನ್ನೊಬ್ಬ. ಓಸ್ಮೋ ಹಲ್ಲು ಕಚ್ಚಿಕೊಂಡು ಇನ್ನೂ ಕೆಟ್ಟದಾಗಿ ಎಸೆದ. ಅದು ಇನ್ನೂ ಒಳ್ಳೆಯದಾಗಿ ಬಿತ್ತು.

ಅರ್ಧ ಆಟ ಮುಗಿದು ಕಾಫಿ ವಿರಾಮ ಬಂತು. ದಾಲ್ಚಿನ್ನಿ ಬನ್ನು ಕೈಯಲ್ಲಿ ಹಿಡಿದು ಓಸ್ಮೋ ಅಂಕ ಬರೆಯುವ ಹಲಗೆಯ ಕಡೆ ಕಣ್ಣು ಹಾಯಿಸಿದ. ಎಲ್ಲಕ್ಕಿಂತ ಮೇಲೆ ಒಂದು ಹೆಸರಿತ್ತು. ಅದು ಅವನದು. ಇಷ್ಟು ವರ್ಷದಲ್ಲಿ ಅವನ ಹೆಸರು ಯಾವುದರ ಮೇಲೂ ಹೀಗೆ ನಿಂತಿರಲಿಲ್ಲ. ಮನೆಯ ಅಂಚೆಪೆಟ್ಟಿಗೆಯ ಮೇಲೂ ಇರ್ಮೆಲಿಯ ಹೆಸರಿನ ಕೆಳಗಡೆಯೇ ಇತ್ತು. ಎದೆಯೊಳಗೆ ಏನೋ ಬೆಚ್ಚಗೆ ಉಬ್ಬಿತು. ಬನ್ನು ಬಾಯಿಗೆ ಹೋಗುವ ಬದಲು ಜೇಬಿಗೆ ಹೋಯಿತು.

"ಚೆನ್ನಾಗಿ ಸೋಲ್ತಿದೀಯ," ಎಂದು ಎನ್ಸಿಯೋ ಕಿಸಕ್ಕೆಂದ. "ಈಗೇನು ಮಾಡ್ತೀಯ? ಕಣ್ಣು ಮುಚ್ಕೊಂಡು ಎಸಿ."

"ಶ್!" ಓಸ್ಮೋ ಬೆರಳು ಒದ್ದೆ ಮಾಡಿ ಮೇಲೆತ್ತಿದ್ದ. "ಗಾಳಿ ಯಾವ ಕಡೆಯಿಂದ ಬರ್ತಿದೆ?"

ಎನ್ಸಿಯೋ ಗಾಬರಿಯಾದ. "ಓಸ್ಮೋ? ಸೋಲೋದು ತಾನೇ ನಾವು?"

"ಯಾವನೋ ಸೋಲೋನು? ಆ ಹಲಗೆ ನೋಡೋ! ಈ ಖುಷಿ ಹಿಂಗಿರುತ್ತೆ ಅಂತ ನಂಗೆ ಯಾರಾದ್ರೂ ಮುಂಚೆ ಹೇಳಬಾರ್ದಾಗಿತ್ತಾ? ಗೆಲ್ತೀನಿ ಕಣೋ ಇವತ್ತು!"

ಹೀಗೆಂದು ಓಸ್ಮೋ ಜೀವನದಲ್ಲಿ ಮೊದಲ ಬಾರಿಗೆ ಮನಸ್ಸಿಟ್ಟು, ಉಸಿರು ಬಿಗಿ ಹಿಡಿದು, ನೇರ ಬುಟ್ಟಿಗೆ ಗುರಿಯಿಟ್ಟ. ಬಲಗೈ ಗಡಗಡ ಎನ್ನತೊಡಗಿತು. ಡಿಸ್ಕು ಕೈಯಿಂದ ಜಾರಿ ಹಿಂದಕ್ಕೆ ಹಾರಿ ಯಾಲ್ಮಾರಿಯ ಚೀಲದೊಳಗೆ ಹೋಗಿ ಕೂತಿತು.

"ಇದೂ ಒಂದು ಎಸೆತ," ಎಂದ ಯಾಲ್ಮಾರಿ, ಸಂಕಟದಿಂದಲೇ.

ಮುಂದಿನದು ಸರೋವರಕ್ಕೆ ಬಿತ್ತು. ಈ ಸಲ ಗಾಳಿ ಕದಲಲಿಲ್ಲ. ಅದರ ಮುಂದಿನದು ಬರ್ಚ್ ಮರದ ಕೊಂಬೆಯಲ್ಲಿ ಸಿಕ್ಕಿಕೊಂಡಿತು. ಅದನ್ನು ಬೀಳಿಸಲು ಓಸ್ಮೋ ತನ್ನ ಬೂಟು ಎಸೆದ. ಬೂಟು ಗುರಿ ತಪ್ಪದೆ ಡಿಸ್ಕಿನ ಪಕ್ಕದಲ್ಲೇ ಹೋಗಿ ನೆಲೆಸಿತು. ಅಲ್ಲಿಂದ ಮುಂದಕ್ಕೆ ಅವನು ಒಂದು ಕಾಲಲ್ಲಿ ಬೂಟು, ಇನ್ನೊಂದರಲ್ಲಿ ಹಳದಿ ಕಾಲುಚೀಲ ಹಾಕಿಕೊಂಡು ಸೊಳ್ಳೆಗಳಿಗೆ ಊಟ ಬಡಿಸುತ್ತಾ ನಡೆದ. ಮುಂದಿನ ಬುಟ್ಟಿಯಲ್ಲಿ ಎಸೆದದ್ದು ಸಾಸೇಜ್ ಸುಡುತ್ತಿದ್ದ ಕೆಂಡದ ಜಾಲರಿಯ ಮೇಲೆ ಇಳಿಯಿತು. ಎತ್ತಿಕೊಳ್ಳುವಷ್ಟರಲ್ಲಿ ಡಿಸ್ಕು ದೋಸೆಯಂತೆ ಮೆತ್ತಗಾಗಿ ಜೋತಾಡುತ್ತಿತ್ತು.

"ಸಾಸಿವೆ ಹಚ್ಚಿ ಕೊಡ್ಲಾ?" ಎಂದು ಸಾಸೇಜಿನವನು ಕೇಳಿದ.

ಮೊದಮೊದಲು ಜನ "ಅಯ್ಯೋ" ಎಂದರು. ಆಮೇಲೆ ಮುಖ ಆಚೆ ತಿರುಗಿಸಿ ನಕ್ಕರು. ಆಮೇಲೆ ಮುಖ ತಿರುಗಿಸುವುದನ್ನು ಬಿಟ್ಟರು. ನಿಜವಾದ ಆಟಗಾರರ ಹಿಂದೆ ಹೋಗಿದ್ದವರೂ ಅಲ್ಲಿಂದ ಓಡೋಡಿ ಬಂದು ಓಸ್ಮೋನ ಬೆನ್ನು ಹಿಡಿದರು. ನಗುತ್ತಿದ್ದರೂ ಆ ನಗುವಿನಲ್ಲಿ ಕುಹಕ ಇರಲಿಲ್ಲ. ಅವನು ಎಸೆಯಲು ನಿಂತಾಗ ತಾಯಂದಿರು ಮಕ್ಕಳ ಬಾಯಿ ಮುಚ್ಚುತ್ತಿದ್ದರು. ಕೊನೆಯ ಬುಟ್ಟಿಯ ಮುಂದೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಿಂದ, ಅವನ ಡಿಸ್ಕು ಬುಟ್ಟಿಯ ಅಂಚಿಗೆ ಬಡಿದು ಇಳಿಜಾರಿನಲ್ಲಿ ಉರುಳಿ ಹೋಯಿತು. ಹೋಗಿ ತಂದು ಎಸೆದ. ಮತ್ತೆ ಉರುಳಿತು. ಮೂರನೇ ಸಲ ಉರುಳಿದಾಗ ಶಿಷ್ಯೆಯೊಬ್ಬಳು ಅಳುತ್ತಿದ್ದಳು. ಕೊನೆಗೊಮ್ಮೆ ಸರಪಳಿ ಝಣ್ ಎಂದಾಗ ಎದ್ದ ಕೇಕೆಗೆ ಸರೋವರದ ಬಾತುಗಳೆಲ್ಲ ಹಾರಿಹೋದವು.

ಓಸ್ಮೋ ಎಲ್ಲರಿಗಿಂತ ಕೊನೆ ಬಂದಿದ್ದ. ಅವನಿಗಿಂತ ಒಂದು ಮೆಟ್ಟಿಲು ಮೇಲಿದ್ದವನಿಗೂ ಅವನಿಗೂ ನಡುವೆ ಒಂದು ಬಸ್ಸು ನಿಲ್ಲಿಸಬಹುದಿತ್ತು. ಕಡಿದ ಮರದ ಬೊಡ್ಡೆಯ ಮೇಲೆ ಕೂತು ಒದ್ದೆ ಕಾಲುಚೀಲ ಹಿಂಡಿದ. ಬೆಳಿಗ್ಗೆ ಬೇಡಿಕೊಂಡ ಸೋಲೇ ಇದು. ಆದರೆ ಸಿಕ್ಕ ಮೇಲೆ ಅದು ಬೇಡವಾಗಿತ್ತು.

ಬಹುಮಾನಗಳೆಲ್ಲ ಮುಗಿದ ಮೇಲೆ ಕ್ಲಬ್ಬಿನ ಅಧ್ಯಕ್ಷೆ ತೂಲಾ ಮೈಕು ಹಿಡಿದರು.

"ಎಷ್ಟು ವರ್ಷದಿಂದ ನಿಮ್ಮನ್ನೆಲ್ಲ ಬನ್ನಿ ಆಡಿ ಅಂತ ಕರೀತಿದೀನಿ. ಎಲ್ಲರದ್ದೂ ಒಂದೇ ಮಾತು, 'ಕೊನೆ ಬಂದ್ರೆ ಮರ್ಯಾದೆ ಏನಾಗುತ್ತೆ' ಅಂತ. ಇವತ್ತು ಕೊನೆ ಬರೋದು ಅಂದ್ರೆ ಏನು ಅಂತ ಎಲ್ರೂ ನೋಡಿದ್ರಲ್ಲ? ಇದಕ್ಕಿಂತ ಕೊನೆ ಸಾಧ್ಯ ಇಲ್ಲ. ಆದ್ರೂ ಮನುಷ್ಯ ಆರಾಮಾಗಿ ಕೂತಿದಾನೆ ನೋಡಿ! ಬುಧವಾರದಿಂದ ವಾರ ವಾರ ಹೊಸಬರ ಪಂದ್ಯ ಇಟ್ಕೊಂಡಿದೀವಿ. ಆಗ್ಲೇ ನಲವತ್ತು ಜನ ಸೇರಿದಾರೆ. ಎಲ್ಲಾ ಓಸ್ಮೋನ ದಯೆ!"

ಓಸ್ಮೋ ತಲೆಯೆತ್ತಿ ನೋಡಿದ. ಹೆಸರು ಕೊಡುವ ಮೇಜಿನ ಮುಂದೆ ಊರಿಗೆ ಊರೇ ನಿಂತಿತ್ತು. ಪಾದ್ರಿ ಇದ್ದರು, ಹಲ್ಲಿನ ಡಾಕ್ಟರು ಇದ್ದರು, ಅಳುತ್ತಿದ್ದ ಶಿಷ್ಯೆ ಇದ್ದಳು. ಸರದಿಯ ಮೊದಲಲ್ಲಿ ಎನ್ಸಿಯೋ ಇದ್ದ.

"ನೀನೂನಾ?" ಎಂದ ಓಸ್ಮೋ.

"ನಂಗೂ ಮೊದಲಿಂದ ಆಸೆ ಇತ್ತು ಕಣೋ," ಎನ್ಸಿಯೋ ನಾಚಿಕೊಂಡ. "ಕೊನೆ ಬರ್ತೀನಿ ಅಂತ ಭಯ ಇತ್ತು. ಈಗಿಲ್ಲ."

ಜನ ಒಬ್ಬೊಬ್ಬರಾಗಿ ಬಂದು ಓಸ್ಮೋನ ಕೈ ಕುಲುಕಿದರು. ಅವನ ಕಣ್ಣು ತುಂಬಿತು. ಬೊಡ್ಡೆಯ ಮೇಲೆ ಎದ್ದು ನಿಂತ.

"ನಾನೂ ಬರ್ತೀನಿ!" ಎಂದು ಕೂಗಿದ. ಜನ ಚಪ್ಪಾಳೆ ತಟ್ಟಿದರು. "ಇವತ್ತಿಂದ ದಿನಾ ಅಭ್ಯಾಸ ಮಾಡ್ತೀನಿ! ಬುಧವಾರ ನೋಡ್ಕೊಳಿ, ಗೆದ್ದೇ ಗೆಲ್ತೀನಿ!"

ಚಪ್ಪಾಳೆ ಕತ್ತರಿಸಿದಂತೆ ನಿಂತಿತು. ಸರದಿಯಲ್ಲಿ ಗುಸುಗುಸು ಎದ್ದಿತು. ಹಲ್ಲಿನ ಡಾಕ್ಟರು ಹೆಸರು ವಾಪಸು ತೆಗೆಯಬಹುದೇ ಎಂದು ಮೇಜಿನವನನ್ನು ಕೇಳಿದರು. ತೂಲಾ ಬಿಳಿಚಿಕೊಂಡು ಓಡಿ ಬಂದರು.

"ಅಭ್ಯಾಸ ಗಿಭ್ಯಾಸ ಅನ್ನಬೇಡಿ ಓಸ್ಮೋ! ನಲವತ್ತು ಜನ ನಿಮ್ಮನ್ನ ನಂಬಿದಾರೆ. ನೀವು ಕೊನೇಲಿ ಇರ್ತೀರ ಅಂತ ತಾನೇ ಅವರು ಬರ್ತಿರೋದು?"

"ಅಂದ್ರೆ ನಾನು ವಾರ ವಾರ..."

"ಹೀಗೇ. ಇವತ್ತಿನ ಹಾಗೇ. ನಿಮ್ಮ ಕೈಲಿ ಆಗುತ್ತೆ!"

ಇರ್ಮೆಲಿ ಬಂದು ಎನ್ಸಿಯೋನ ಹೆಗಲಿನಿಂದ ಡಿಸ್ಕಿನ ಚೀಲ ಇಳಿಸಿಕೊಂಡು ತಮ್ಮ ಹೆಗಲಿಗೇರಿಸಿದರು. "ಬುಧವಾರದವರೆಗೆ ಇದು ನನ್ನ ಹತ್ರ ಇರ್ಲಿ. ನೀನು ಮನೇಲಿ ಆರಾಮಾಗಿ ಮಲಗು. ನಾನೂ ಹೆಸರು ಕೊಟ್ಟಿದೀನಿ ಮತ್ತೆ, ನೆನಪಿರ್ಲಿ."

ಸಂಜೆ ಓಸ್ಮೋ ಅಡುಗೆಮನೆಯಲ್ಲಿ ಆಲೂಗಡ್ಡೆ ಬೇಯಿಸುತ್ತಾ ನಿಂತಿದ್ದ. ಕೈಯಲ್ಲಿ ಪಾತ್ರೆಯ ಮುಚ್ಚಳ ಇತ್ತು. ಮೂಲೆಯಲ್ಲಿ ಬಟ್ಟೆಯ ಬುಟ್ಟಿ ಇತ್ತು. ಒಮ್ಮೆ ಆ ಕಡೆ ನೋಡಿದ, ಒಮ್ಮೆ ಈ ಕಡೆ ನೋಡಿದ, ಮಣಿಕಟ್ಟು ಬಾಗಿಸಿ ಬೀಸಿದ. ಮುಚ್ಚಳ ನೆಲಕ್ಕೆ ಸಮನಾಗಿ ತೇಲಿ, ಕುರ್ಚಿಯನ್ನು ಸುತ್ತು ಹಾಕಿ, ಬುಟ್ಟಿಯ ನಟ್ಟನಡುವೆ ಧಣ್ ಎಂದು ಇಳಿಯಿತು. ಇಡೀ ದಿನದ ಅತ್ಯಂತ ಸುಂದರ ಎಸೆತ.

ಗೋಡೆಯನ್ನು ಆಚೆಯಿಂದ ಯಾರೋ ಗುದ್ದಿದರು.

"ಓಸ್ಮೋ! ಏನದು ಸದ್ದು? ಅಭ್ಯಾಸ ಮಾಡ್ತಿಲ್ಲ ತಾನೇ?"

"ಇಲ್ಲ ಇರ್ಮೆಲಿ," ಎಂದ ಓಸ್ಮೋ ಸಣ್ಣ ದನಿಯಲ್ಲಿ. "ಮುಚ್ಚಳ ಕೈ ಜಾರ್ತು."

"ಹಾಂ, ಭೇಷ್! ಹಂಗೇ ಜಾರ್ತಿರ್ಲಿ!"