ಗುಡ್ಡದ ಮಣ್ಣಿನ ಮನೆತನ ವಿಚಾರಿಸಿದವನು

ನನ್ನ ಮೈದುನ ಮಣ್ಣು ತಿನ್ನುತ್ತಿದ್ದ. ಬಾಲ್ಯದಲ್ಲಲ್ಲ, ಎಂ.ಎಸ್ಸಿ. ಮುಗಿಸಿದ ಮೇಲೆ! ಬೇರೆ ಮಕ್ಕಳು ಕದ್ದು ತಿಂದು ಏಟು ತಿಂದರೆ ಇವನು ಮೀಸೆ ಬಂದಮೇಲೆ, ಸರ್ಕಾರದ ಸಂಬಳ ತೆಗೆದುಕೊಂಡು ತಿನ್ನುತ್ತಿದ್ದ. ಒಂದು ಚಿಟಿಕೆ ಮಣ್ಣನ್ನು ಮುಂದಿನ ಹಲ್ಲುಗಳ ನಡುವೆ ಇಟ್ಟು, ಮೆಲ್ಲಗೆ ಕಡಿದು, ಕಣ್ಣು ಮುಚ್ಚಿ, "ಮರಳು ಸ್ವಲ್ಪ ಜಾಸ್ತಿ ಅತ್ಗೆ" ಎನ್ನುತ್ತಿದ್ದ. ನಮ್ಮತ್ತೆ ಸಾರಿನ ಉಪ್ಪು ನೋಡುವಾಗಲೂ ಅಷ್ಟು ಸೀರಿಯಸ್ ಆಗಿರುತ್ತಿರಲಿಲ್ಲ.

ನಾನಾದರೋ ಮೈಸೂರಿನ ಕಾನ್ವೆಂಟಿನಲ್ಲಿ, "ಗರ್ಲ್ಸ್, ಡೋಂಟ್ ಟಚ್ ದಟ್ ಮಡ್" ಎಂದು ಸಿಸ್ಟರುಗಳಿಂದ ಬೈಸಿಕೊಂಡು ಬೆಳೆದವಳು. ಎಪ್ಪತ್ತರ ದಶಕದ ಕೊನೆಯಲ್ಲಿ ಹೊನ್ನವಳ್ಳಿಯ ತೆಂಗಿನ ತೋಟದ ಮನೆಗೆ ಹಿರಿಯ ಸೊಸೆಯಾಗಿ ಬಂದೆ. ಬಂದ ವಾರವೇ ಈ ದೃಶ್ಯ! ಇಂಥ ಮನೆತನದಲ್ಲಿ ಇನ್ನೇನೇನು ತಿನ್ನುತ್ತಾರೋ ಎಂದು ಯಜಮಾನರ ತಟ್ಟೆಯನ್ನೂ ಕೆಲವು ದಿನ ಗುಮಾನಿಯಿಂದಲೇ ನೋಡಿದೆ.

ಆಮೇಲೆ ತಿಳಿಯಿತು, ಇವನ ಕೆಲಸವೇ ಮಣ್ಣಿನ ಸರ್ವೆ. ಊರೂರಿನ ಮಣ್ಣು ಅಗೆದು, ಬಣ್ಣ ನೋಡಿ, ಹೊಸೆದು, ಅದು ಯಾವ ಜಾತಿಯದೆಂದು ಬರೆಯುವುದು. ಬಣ್ಣಕ್ಕೆಂದೇ ಅವನ ಹತ್ತಿರ ಒಂದು ಪುಸ್ತಕವಿತ್ತು. ಅದರ ತುಂಬ ಕೆಂಪು, ಕಂದು, ಕಪ್ಪು ಚೌಕಗಳು. ದೀಪಾವಳಿಗೆ ನಾನು ಹೊಸ ರೇಷ್ಮೆ ಸೀರೆ ಉಟ್ಟು ಬಂದರೆ, ಎಲ್ಲರೂ ಚೆನ್ನಾಗಿದೆ ಎಂದರು. ಇವನು ಮಾತ್ರ ಪುಸ್ತಕ ತೆಗೆದು ಸೆರಗಿನ ಪಕ್ಕ ಹಿಡಿದು, "ಡಾರ್ಕ್ ರೆಡ್ಡಿಶ್ ಬ್ರೌನ್. ಚಿಕ್ಕನಾಯಕನಹಳ್ಳಿ ಗುಡ್ಡದಲ್ಲಿ ಎರಡಡಿ ಕೆಳಗೆ ಸಿಗುತ್ತೆ" ಅಂದ. ಹದಿನೆಂಟು ಮೊಳದ ಸೀರೆಗೆ ಇದಕ್ಕಿಂತ ಅವಮಾನ ಉಂಟೇ?

ಮಣ್ಣಿಗೂ ಕುಲ, ಒಳಕುಲ, ಪಂಗಡ, ಫ್ಯಾಮಿಲಿ ಎಲ್ಲ ಇರುತ್ತದೆಂದು ಊಟಕ್ಕೆ ಕೂತಾಗ ವಿವರಿಸುತ್ತಿದ್ದ. ಅತ್ತೆಗೆ ಅಲ್ಲಿಗೇ ರೇಗುತ್ತಿತ್ತು.

"ಹೆಣ್ಣು ನೋಡೋಕೆ ದಬ್ಬೇಘಟ್ಟಕ್ಕೆ ಹೋಗನ ಬಾರ್ಲಾ ಅಂದ್ರೆ ಟೈಮಿಲ್ಲ. ಮಣ್ಣಿನ ಮನೆತನ ಇಚಾರಿಸ್ತಾ ಕೂತವ್ನೆ!"

"ಮಣ್ಣು ಸುಳ್ಳು ಹೇಳಲ್ಲ ಕಣಮ್ಮ. ಅಗೆದ್ರೆ ಎಲ್ಲಾ ಕಾಣುತ್ತೆ."

"ಸರಿ ಬುಡು, ಹೆಣ್ಣಿನ ಕಡೆಯೋರ್ನ ಅಗೆಯೋಕಾಯ್ತದಾ?"

ಮೂವತ್ತು ದಾಟಿದ ಈ ಮಗನದೇ ಅತ್ತೆಗೆ ಯೋಚನೆ. ಮಾವನವರು ಬಿಟ್ಟುಹೋದದ್ದು ಒಂದೇ ತೋಟ, ಗಂಡುಮಕ್ಕಳು ಇಬ್ಬರು. ಹಂಚಿದರೆ ಇಬ್ಬರಿಗೂ ಅರೆಹೊಟ್ಟೆ. ಚಿಕ್ಕನಾಯಕನಹಳ್ಳಿ ಕಡೆಯ ಗುಡ್ಡದ ತಪ್ಪಲಲ್ಲಿ ನಮ್ಮದೊಂದು ರಾಗಿ ಹೊಲವಿತ್ತು. ಅದರ ಮೇಲಿನ ಕಾಡಿನ ಇಳಿಜಾರನ್ನು ತೋಟ ಮಾಡಲು ಕೊಡಿ ಎಂದು ಅತ್ತೆ ಸರ್ಕಾರವನ್ನು ಕೇಳಿದ್ದರು, ಪೂರಾ ಕಿರಿಯವನ ಹೆಸರಿಗೆ. ತೋಟ ಇರುವ ಗಂಡಿಗೆ, ಮಣ್ಣು ತಿಂದರೂ, ಹೆಣ್ಣು ಸಿಗುತ್ತದೆಂದು ಅವರ ಲೆಕ್ಕ. ಇನ್ನೂ ಕೆಲವರು ಹಾಗೇ ಕೇಳಿದ್ದರಂತೆ. ಆ ಗುಡ್ಡ ತೋಟಕ್ಕೆ ಯೋಗ್ಯವೇ ಎಂದು ಮಣ್ಣು ನೋಡಿ ಹೇಳಬೇಕೆಂದು ಮೇಲಿನಿಂದ ಆರ್ಡರ್ ಬಂತು. ನೋಡಲು ಬಂದವನು ಯಾರು? ನನ್ನ ಮೈದುನ!

ಅತ್ತೆ ಸಕ್ಕರೆ ಹಂಚಿದರು. ಊರಿನವರು ಸಕ್ಕರೆ ಬಾಯಿಗೆ ಹಾಕಿಕೊಂಡೇ ಅನುಮಾನಪಟ್ಟರು. ಇಷ್ಟು ದೊಡ್ಡ ಸ್ಟೇಟಿನಲ್ಲಿ ಇವನಿಗೆ ಇವನ ಮನೆಯವರು ಕೇಳಿದ ಗುಡ್ಡವೇ ಸಿಕ್ಕಿತೇ? ಒಬ್ಬರು ನಿಧಿ ಅಂದರು. ಇನ್ನೊಬ್ಬರು ಮ್ಯಾಂಗನೀಸ್ ಅಂದರು. ಕೇಳಿದರೆ ಇವನು, "ಬೇರೆ ಯಾರಿಗೂ ಗುಡ್ಡ ಹತ್ತೋಕೆ ಇಷ್ಟ ಇರಲಿಲ್ಲ ಅತ್ಗೆ" ಅಂದ. ಇಷ್ಟು ಸಿಂಪಲ್ ಉತ್ತರವನ್ನು ಯಾರಾದರೂ ನಂಬುತ್ತಾರೆಯೇ? ನಾನೂ ನಂಬಲಿಲ್ಲ.

ಗುಡ್ಡದ ಬುಡದಲ್ಲಿ ಕುರಿ ಸಾಕುವವರ ಹಟ್ಟಿಯೊಂದಿತ್ತು. ಅವರ ಕುರಿಗಳು ಮೇಯುವುದು ಆ ಕಾಡಿನಲ್ಲೇ. ಇವನು ಮೊದಲ ದಿನ ಹೋಗಿ, ಎದೆಯುದ್ದ ಗುಂಡಿ ತೋಡಿ, ಸಂಜೆಯಾಯಿತೆಂದು ಮನೆಗೆ ಬಂದ. ಮರುದಿನ ಹೋಗಿ ನೋಡಿದರೆ ಗುಂಡಿ ಅರ್ಧ ತುಂಬಿ, ನಡುವೆ ಒಂದು ತೆಂಗಿನ ಸಸಿ ನಿಂತಿದೆ! ಪಕ್ಕದಲ್ಲಿ ಹಟ್ಟಿಯ ಯಜಮಾನ, ಕಂಬಳಿ ಹೊದ್ದು ಕಾವಲು ಕೂತಿದ್ದಾನೆ.

"ಯಾರಪ್ಪ ಇಟ್ಟಿದ್ದು ಇದನ್ನ?"

"ನಾವೇ ಸ್ವಾಮಿ. ತೆಂಗಿನ ಸೀಮೇಲಿ ಗುಂಡಿ ತೋಡೋದು ಇನ್ಯಾತಕ್ಕೆ? ನೀವ್ ಸಸಿ ಇಡೋಕ್ ಮುಂಚೆ ನಾವಿಟ್ಟೋ. ಇಟ್ಟೋರ್ದು ಮರ."

"ಸಸಿ ಇಡೋಕಲ್ಲ ಕಣಪ್ಪ, ಮಣ್ಣು ನೋಡೋಕೆ."

"ನೋಡೋಕೆ ಎದೆಯುದ್ದ ಯಾಕೆ? ಮ್ಯಾಲೇ ಬಿದ್ದೈತಲ್ಲ, ನೋಡ್ರಿ!"

ಈ ವಾದಕ್ಕೆ ಯೂನಿವರ್ಸಿಟಿಯಲ್ಲೂ ಉತ್ತರ ಕಲಿಸಿರಲಿಲ್ಲ. ಇವನು ಏನು ಮಾಡಿದ ಗೊತ್ತೇ? ಸಸಿ ಸೊಟ್ಟಗೆ ನಿಂತಿದೆಯೆಂದು ಮೊದಲು ಅದನ್ನು ನೆಟ್ಟಗೆ ಮಾಡಿದ! ಎಷ್ಟಾದರೂ ತೋಟದ ಮನೆಯ ಮಗ. ಆಮೇಲೆ ಪಕ್ಕದಲ್ಲಿ ಬೇರೆ ಗುಂಡಿ ತೋಡಿದ. ಮಾರನೆಯ ದಿನ ಅದರಲ್ಲೂ ಸಸಿ. ಹೀಗೇ ಕೆಲವು ದಿನ ನಡೆಯಿತು. ಕೊನೆಗೆ ಹಟ್ಟಿಯಲ್ಲಿ ಸಸಿ ಮುಗಿದವೋ, ಇವನು ಮಣ್ಣು ತಿನ್ನುವುದನ್ನು ಕಂಡು ಪಾಪ ಎನಿಸಿತೋ, ಯಜಮಾನನೇ ಒಂದು ಚೊಂಬು ಮಜ್ಜಿಗೆ ತಂದುಕೊಟ್ಟನಂತೆ.

ಮಜ್ಜಿಗೆಯ ಸುದ್ದಿ ಇವನಿಗಿಂತ ಮೊದಲು ಅತ್ತೆಯ ಕಿವಿಗೆ ಬಂದಿತ್ತು. ಅಂದು ರಾತ್ರಿ ಊಟಕ್ಕೆ ಕೂತ ಮಗ ತಲೆಯೆತ್ತದೆ ಹೇಳಿದ. "ಅಮ್ಮ, ಆ ಗುಡ್ಡ ತೋಟಕ್ಕಾಗಲ್ಲ. ಕಾಡಾಗೇ ಇರ್ಲಿ ಅಂತ ಬರೀತೀನಿ."

ಅತ್ತೆಯ ಸೌಟು ಅಲ್ಲೇ ನಿಂತಿತು.

"ಒಂದು ಚೊಂಬು ಮಜ್ಜಿಗೆಗೆ ನಿನ್ ತೋಟ ಮಾರ್ಕೊಂಡ್ಯೇನ್ಲಾ?"

"ಮಜ್ಜಿಗೆಗಲ್ಲಮ್ಮ. ಮಣ್ಣೇ ಇಲ್ಲ ಅಲ್ಲಿ."

"ಕಾಡಲ್ಲಿ ಮಣ್ಣಿಲ್ವಂತೆ! ಕೈ ಹಾಕಿದ್ರೆ ಕಾಡಿಗೆ ಇದ್ದಂಗೆ ಕಪ್ಪಗೈತೆ, ನಾನೇ ನೋಡಿವ್ನಿ. ವರ್ಸಾ ವರ್ಸಾ ಗಾಡೀಲಿ ಗೋಡು ಹೊಡ್ಸಿ ತೋಟ ಸಾಕಿದೋಳಿಗೆ ಹೇಳ್ಬ್ಯಾಡ ಕಣ್ಲಾ."

ಅದು ನಿಜ. ಕೆರೆಯ ಹೂಳನ್ನು ಗಾಡಿಗಟ್ಟಲೆ ಹೊಡೆಸಿ ಮರಗಳ ಬುಡಕ್ಕೆ ಹರಡಿಸದಿದ್ದರೆ ಅತ್ತೆಗೆ ಬೇಸಿಗೆ ಕಳೆದಂತೆಯೇ ಅನಿಸುತ್ತಿರಲಿಲ್ಲ. ಅವರಿಗೆ ಕಪ್ಪು ಕಂಡಲ್ಲೆಲ್ಲ ತೆಂಗು ಕಾಣುತ್ತಿತ್ತು. ಬೆಳಗಾಗುತ್ತಲೇ, "ಬಾರೇ, ಇವನು ಎಲ್ಲಿ ಏನು ಮುಚ್ಚಿಟ್ಟವ್ನೋ ನೋಡ್ಕೊಂಡು ಬರಣ" ಎಂದು ನನ್ನನ್ನು ಹೊರಡಿಸಿದರು. ನನಗೂ ಒಳಗೊಳಗೇ ಡೌಟು. ತನಗೇ ಸಿಗುವ ತೋಟವನ್ನು ಬೇಡ ಎನ್ನುವವನ ಹಿಂದೆ ಏನಾದರೂ ಸೀಕ್ರೆಟ್ ಇರಲೇಬೇಕಲ್ಲವೇ? ಗಾಡಿಯಲ್ಲಿ ಮೂವರೂ ಹೋದೆವು.

ಗುಡ್ಡದಲ್ಲಿ ಇವನು ಗುಂಡಿಗಿಳಿದು ನಿಂತು ಗೋಡೆಯನ್ನು ತೋರಿಸಿದ. ಮೇಲೆ ಒಣಗಿದ ಎಲೆಗಳು. ಅದರ ಕೆಳಗೆ ಅತ್ತೆ ಹೇಳಿದ ಕಾಡಿಗೆಯಂಥ ಕಪ್ಪು, ಬರೀ ಒಂದು ಗೇಣು. ಆಮೇಲೆ ಕೆಂಪು. ಆಮೇಲೆ ನೀರು ನಿಲ್ಲದ ಗರಸು. ಮಂಡಿಯಿಂದ ಕೆಳಗೆ ಪುಡಿಪುಡಿ ಕಲ್ಲು.

"ಬೇಕಂತ್ಲೇ ಇಂಥ ಜಾಗ ಹುಡ್ಕಿ ತೋಡಿದ್ದೀಯ ಕಣ್ಲಾ" ಎಂದರು ಅತ್ತೆ. ತಾವೇ ನಾಲ್ಕು ಮಾರು ಆಚೆ, ದೊಡ್ಡ ಮರದ ಹತ್ತಿರ ನಿಂತು, "ಇಲ್ಲಿ ಅಗಿ" ಎಂದರು.

ಅಗೆದ. ಅಲ್ಲೂ ಒಂದು ಗೇಣು.

ಇನ್ನೂ ಮೇಲೆ ಹತ್ತಿ, "ಇಲ್ಲಿ" ಎಂದರು. ಅಂಗಿ ಬೆವರಿನಿಂದ ಮೈಗಂಟಿತ್ತು, ಆದರೂ ಗುದ್ದಲಿ ಎತ್ತಿ ಅಗೆದ. ಅಲ್ಲಿ ಗೇಣೂ ಇರಲಿಲ್ಲ.

ಅತ್ತೆ ಗುಂಡಿಯ ಅಂಚಿನಲ್ಲಿ ಕೂತುಬಿಟ್ಟರು. "ನಿನ್ ತೋಟ ಕಣ್ಲಾ ಇದು. ನಿಂಗೇ ಅಂತ ಕೇಳಿದ್ದು" ಎಂದರು.

"ಗೊತ್ತು ಕಣಮ್ಮ."

"ಗೊತ್ತಿದ್ದೂ ಬ್ಯಾಡ ಅಂತೀಯಾ?"

"ಮರ ಕಡಿದ್ರೆ ಎರಡು ಮಳೆಗೆ ಈ ಕಪ್ಪು ಮಣ್ಣೆಲ್ಲ ಇಳಿದು ಕೆರೆ ಸೇರುತ್ತೆ. ಆಮೇಲೆ ಗರಸಿನ ಮೇಲೆ ನೀನು ಕೊಡ ಹೊತ್ತು ನೀರು ಹಾಕ್ತೀಯ, ನಿಲ್ಲಿಸಲ್ಲ, ನಂಗೊತ್ತು. ಸಸಿ ಒಣಗೋದನ್ನ ನೀನು ನೋಡ್ತಾ ಕೂರೋದು, ನಿನ್ನನ್ನ ನಾನು ನೋಡ್ತಾ ಕೂರೋದು. ನನ್ ಕೈಲಾಗಲ್ಲಮ್ಮ."

ಅವನು ಅಷ್ಟುದ್ದ, ಅದೂ ಒಂದೂ ಇಂಗ್ಲಿಷ್ ಪದವಿಲ್ಲದೆ, ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ತೋಟವೂ ಹೋಯಿತು, ಜಗಳವೂ ಹೋಯಿತು, ಇನ್ನು ಗಾಡಿ ಹತ್ತುವುದಷ್ಟೇ ಬಾಕಿ ಎಂದುಕೊಂಡೆ.

ಅತ್ತೆ ಎದ್ದರು. ಗುಂಡಿಯೊಳಗೆ ಬಗ್ಗಿ ನೋಡಿದರು. ಕತ್ತರಿಸಿದ ಗೋಡೆಯಿಂದ ಬೆಳ್ಳಗಿನ ಎಳೆಬೇರುಗಳು, ದಾರದಂತೆ, ಹೊರಗೆ ಜೋತಾಡುತ್ತಿದ್ದವು. ಮಟಮಟ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ.

"ಬೇಗ ಮುಚ್ಲಾ ಮಗ" ಎಂದರು. "ಬೇರಿಗೆ ಬಿಸ್ಲು ಬೀಳ್ತೈತೆ."

ಅವನು ಸಲಿಕೆ ತರಲು ಕೆಳಗಿನ ಗುಂಡಿಯತ್ತ ಓಡಿದ. ಅತ್ತೆ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಚ್ಚಿ, ಎರಡೂ ಕೈಯಲ್ಲಿ ಅಗಲವಾಗಿ ಹಿಡಿದು, ಆ ಬೇರುಗಳ ಮೇಲೆ ನೆರಳಾಗುವಂತೆ ಬಗ್ಗಿ ನಿಂತರು. ಗುಂಡಿ ತುಂಬುವವರೆಗೂ ಕೈ ಇಳಿಸಲಿಲ್ಲ.