ಕಿನ್ನಿಗೆ ಬಡಿಸಿದ ಬೂತಾಯಿ

ಮೀನು ಹಿಡಿಯುವ ಮನೆತನದಲ್ಲಿ ಹುಟ್ಟಿ, ನಲವತ್ತು ವರ್ಷ ಮೀನನ್ನೇ ತಿಂದು ಬದುಕಿದ ಪ್ರೇಮನಾಥ ಒಂದು ಸೋಮವಾರ ಬೆಳಿಗ್ಗೆ, ಇನ್ನು ಈ ಮನೆಯ ಒಲೆಯ ಮೇಲೆ ಮೀನು ಏರಕೂಡದೆಂದು ಘೋಷಿಸಿದ. ಭೀಷ್ಮನ ಪ್ರತಿಜ್ಞೆ ಇದಕ್ಕಿಂತ ದೊಡ್ಡದಿರಬಹುದು. ಆದರೆ ಎದುರು ನಿಂತು ಪ್ರಶ್ನೆ ಕೇಳಲು ಭೀಷ್ಮನಿಗೆ ಹೆಂಡತಿ ಇರಲಿಲ್ಲ, ಇವನಿಗೆ ಇದ್ದಳು.

"ಎಂತಕ್ಕೆ?" ಎಂದಳು ವಾರಿಜಾಕ್ಷಿ.

"ನಾನು ಹತ್ತಿರ ಹೋದರೆ ಕಾರ್ಖಾನೆಯ ದೊರೆ ಮೂಗಿಗೆ ಕರವಸ್ತ್ರ ಹಿಡಿಯುತ್ತಾರೆ. ಬಾಯಿಯಲ್ಲಿ ಮೀನು ನಾರುತ್ತದಂತೆ."

"ನಾರುವುದು ಮೀನಲ್ಲ ಮಾರಾಯ್ರೆ, ನಿಮ್ಮ ದವಡೆಯ ಹುಳುಕು ಹಲ್ಲು. ಅದನ್ನು ಕೀಳಿಸಿ."

ಜೆಪ್ಪುವಿನ ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತನಾದ ಪ್ರೇಮನಾಥ ಹುಲಿಗೆ ಹೆದರುತ್ತಿದ್ದನೋ ಇಲ್ಲವೋ ಗೊತ್ತಿಲ್ಲ, ಹಲ್ಲು ಕೀಳುವ ಇಕ್ಕಳಕ್ಕಂತೂ ಹೆದರುತ್ತಿದ್ದ. ಒಬ್ಬನ ಹೆದರಿಕೆಗೆ ಮೂರು ಜನರ ತಟ್ಟೆಯಿಂದ ಮೀನು ಹೋಯಿತು. ಹಲ್ಲಿಗೆ ಮಾತ್ರ ರಾಜೋಪಚಾರ ಶುರುವಾಯಿತು. ಸಮುದ್ರದ ದಂಡೆಗೆ ಬಂದು ಬೀಳುವ ಕಡಲನೊರೆಯ ಬಿಳಿ ತುಂಡುಗಳನ್ನು ಅವನು ಆರಿಸಿ ತಂದ. ಅದು ಒಂದು ಜಾತಿಯ ಕಡಲ ಪ್ರಾಣಿಯ ಬೆನ್ನೊಳಗಿನ ಚಿಪ್ಪು. ಅದನ್ನು ಕುಟ್ಟಿ, ಉಪ್ಪು, ಲವಂಗ ಬೆರೆಸಿ ಭರಣಿ ತುಂಬಿಸಿದ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ತಿಕ್ಕಿದ. ದೊರೆಯ ಕರವಸ್ತ್ರ ಇಳಿಯಲಿಲ್ಲ.

ಹೀಗೆ ಎರಡು ವರ್ಷ ಕಳೆಯಿತು. ಈ ನಡುವೆ ಹದಿನೈದು ವರ್ಷದ ಮಗಳು ಕುಮುದಿನಿ ಬಾವಿಯಿಂದ ಕೊಡ ಎಳೆಯುವಾಗ ಮಣಿಕಟ್ಟು ಮುರಿದುಕೊಂಡಳು. ಅದು ಕೂಡುವ ಮೊದಲೇ, ಒದ್ದೆ ಸೀರೆ ಹಿಂಡುವಾಗ ಮೊಣಕೈ ಬಳಿ ಇನ್ನೊಂದು ಎಲುಬು ಟಪ್ಪೆಂದಿತು. ಎಲುಬು ಕಟ್ಟುವ ಇದಿನಬ್ಬ ಬಿದಿರಿನ ಸೀಳಿಟ್ಟು ಬಟ್ಟೆ ಸುತ್ತಿದ.

"ಸೀರೆ ಹಿಂಡಿದರೆ ಕೈ ಮುರಿಯುವುದು ಮುದುಕಿಯರಿಗೆ. ಇನ್ನೊಂದು ಸಲ ಮುರಿದರೆ ಈ ಕೈ ನೆಟ್ಟಗಾಗುವುದಿಲ್ಲ," ಎಂದ. "ಮಗು ಎಂತ ತಿನ್ನುತ್ತದೆ?"

"ಗಂಜಿ, ಉಪ್ಪಿನಕಾಯಿ. ನಮ್ಮಲ್ಲಿ ಮೀನಿನ ವಾಸನೆಯೇ ಇಲ್ಲ," ಎಂದ ಪ್ರೇಮನಾಥ, ಎದೆ ಉಬ್ಬಿಸಿ.

ಇದಿನಬ್ಬ ಕಟ್ಟಿನ ಗಂಟನ್ನು ಇನ್ನೊಮ್ಮೆ ಬಿಗಿದು ಎದ್ದು ಹೋದ.

ಆಮೇಲೆ ಮನೆಯಲ್ಲಿ ಆಗಬಾರದ್ದೆಲ್ಲ ಆಗತೊಡಗಿತು. ಸಂಜೆ ಕಂಠದವರೆಗೆ ತುಂಬಿಸಿಟ್ಟ ಭರಣಿ ಬೆಳಿಗ್ಗೆ ನೋಡಿದರೆ ನಾಲ್ಕು ಬೆರಳು ಇಳಿದಿರುತ್ತಿತ್ತು. ಕುಟ್ಟದೆ ಉಳಿದ ಕಡಲನೊರೆಯ ತುಂಡುಗಳ ಅಂಚಿನಲ್ಲಿ ಸಣ್ಣ ಸಣ್ಣ ಹಲ್ಲಿನ ಗುರುತು. ಒಂದು ಬೆಳಿಗ್ಗೆ ನಡುಕೋಣೆಯ ಕಪ್ಪು ಬಾಗಿಲಿನ ಮೇಲೆ, ನೆಲದಿಂದ ಒಂದು ಮೊಳ ಎತ್ತರದಲ್ಲಿ, ಐದು ಬಿಳಿ ಬೆರಳು ಮೂಡಿದ್ದವು. ಮಗುವಿನ ಬೆರಳಿನಷ್ಟು ತೆಳ್ಳಗೆ. ಪ್ರೇಮನಾಥ ಒರೆಸಿದ. ಮರುದಿನ ಅವು ಅಲ್ಲೇ ಇದ್ದವು. ಕಿವಿಗೊಟ್ಟರೆ ಬಾಗಿಲ ಹಿಂದಿನಿಂದ ಕರ, ಕರ, ಕರ ಎಂಬ ಸದ್ದು. ಕೆಮ್ಮಿದರೆ ಸದ್ದು ನಿಲ್ಲುತ್ತಿತ್ತು. ಕೇಳುವವರು ಯಾರೆಂದು ಅದಕ್ಕೆ ಗೊತ್ತಿದ್ದಂತಿತ್ತು.

ಸೋದರಮಾವ ತುಕ್ರ ಬಂದು ಆ ಬೆರಳುಗಳನ್ನು ನೋಡಿದ. ಅವನ ಮುಖ ಬಿಳಿಚಿತು.

"ಪ್ರೇಮ, ನಿನ್ನ ತಂಗಿ ಕಿನ್ನಿ ಸತ್ತದ್ದು ಯಾವ ಕೋಣೆಯಲ್ಲಿ?"

"ಇದೇ ಕೋಣೆಯಲ್ಲಿ ಮಾವ. ಒಂಬತ್ತು ವರ್ಷಕ್ಕೆ, ಜ್ವರ ಬಂದು."

"ಅವಳು ಗೋಡೆಯ ಸುಣ್ಣ ಕೆರೆದು ತಿನ್ನುತ್ತಿದ್ದದ್ದು ನೆನಪುಂಟಾ?"

ಪ್ರೇಮನಾಥನಿಗೆ ನೆನಪಿತ್ತು.

"ಅವಳಿಗೆ ಹಸಿವು. ನೀನು ಮೀನು ನಿಲ್ಲಿಸಿದೆ, ಸತ್ತವರ ಎಲೆಗೂ ಎರಡು ವರ್ಷದಿಂದ ಮೀನಿಲ್ಲ. ಅದಕ್ಕೇ ನಿನ್ನ ಮಗಳ ಎಲುಬು ಒಂದೊಂದೇ ಮುರಿಯುತ್ತಿದ್ದಾಳೆ. ಈ ಅಮಾವಾಸ್ಯೆಗೆ ಬಡಿಸು, ಇಲ್ಲದಿದ್ದರೆ ಹುಡುಗಿ ಉಳಿಯುವುದಿಲ್ಲ."

ಮಗಳೆಂದರೆ ಪ್ರೇಮನಾಥನಿಗೆ ಪ್ರಾಣ. ಪ್ರತಿಜ್ಞೆ ಅಲ್ಲಿಯೇ ಮಣ್ಣುಪಾಲಾಯಿತು. ಅಮಾವಾಸ್ಯೆಯ ಬೆಳಿಗ್ಗೆ ಅವನೇ ಬಂದರಕ್ಕೆ ಓಡಿ, ಹೊಳೆಹೊಳೆಯುವ ಬೂತಾಯಿ ಮೀನು ತಂದ. ಎರಡು ವರ್ಷ ತಣ್ಣಗಿದ್ದ ಮೀನಿನ ಮಡಕೆ ಕುದಿಯಿತು. ಸಂಜೆ ನಡುಕೋಣೆಯಲ್ಲಿ ದೀಪವಿಟ್ಟು, ಎಲೆ ಹಾಕಿ, ಅನ್ನದ ಜೊತೆ ಹನ್ನೆರಡು ಮೀನು ಬಡಿಸಿದರು. ಸತ್ತವರು ಉಣ್ಣುವುದನ್ನು ಬದುಕಿದವರು ನೋಡಬಾರದು. ಬಾಗಿಲು ಮುಚ್ಚಿ ಜಗಲಿಯಲ್ಲಿ ಕುಳಿತರು. ಕುಮುದಿನಿ ಅಡುಗೆಮನೆಯ ಚಾಪೆಯಲ್ಲಿ ಮಲಗಿದ್ದಾಳೆಂದು ವಾರಿಜಾಕ್ಷಿ ಹೇಳಿದಳು.

ಸ್ವಲ್ಪ ಹೊತ್ತು ಗಾಳಿಯ ಸದ್ದೂ ಇರಲಿಲ್ಲ. ಆಮೇಲೆ ಒಳಗೆ ಎಲೆ ಸರಿದ ಸದ್ದು. ಮತ್ತೆ ಕರ, ಕರ, ಕರ. ಮೂಳೆ ನುರಿಯುವ ಸದ್ದು.

"ಬಂದಳು," ಎಂದು ತುಕ್ರ ಪಿಸುಗುಟ್ಟಿದ. ಪ್ರೇಮನಾಥ ಹೆಂಡತಿಯ ಕೈ ಹಿಡಿದುಕೊಂಡ. ಧೈರ್ಯ ಹೇಳುವುದಕ್ಕಲ್ಲ.

ಒಳಗಿನಿಂದ ಒಂದು ಬಿಕ್ಕಳಿಕೆ ಕೇಳಿತು. ಸತ್ತವರು ಬಿಕ್ಕಳಿಸುವುದನ್ನು ವಾರಿಜಾಕ್ಷಿ ಎಲ್ಲಿಯೂ ಕೇಳಿರಲಿಲ್ಲ. ಅವಳು ಗಂಡನ ಕೈ ಬಿಡಿಸಿಕೊಂಡು ಹೋಗಿ ಬಾಗಿಲು ದೂಡಿದಳು.

ಅಡುಗೆಮನೆಯ ಕಡೆಯ ಬಾಗಿಲು ಅರ್ಧ ತೆರೆದಿತ್ತು. ದೀಪದ ಎದುರು, ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟು ಕುಮುದಿನಿ ಕುಳಿತಿದ್ದಳು. ತುಟಿಯ ಅಂಚಿನಲ್ಲಿ ಕಡಲನೊರೆಯ ಬಿಳಿ ಹುಡಿ, ಗಲ್ಲದಲ್ಲಿ ಸಾರು. ಎಲೆಯ ಮೇಲೆ ಹನ್ನೆರಡು ಮೀನೂ ಇರಲಿಲ್ಲ. ಒಂದು ಮುಳ್ಳೂ ಇರಲಿಲ್ಲ.

"ಭರಣಿಯ ಹುಡಿ ತಿಂದದ್ದೂ ನೀನಾ?" ಎಂದು ಕೇಳಿದ ಪ್ರೇಮನಾಥ.

"ನಾನೇ ಅಪ್ಪ. ಬಾಗಿಲ ಹಿಂದೆ ಕುಳಿತು ತಿಂದು, ಬಾಗಿಲು ಹಿಡಿದು ಏಳ್ತಾ ಇದ್ದೆ. ಎಂತ ಮಾಡುವುದು, ಕಂಡರೆ ತಿನ್ನಬೇಕು ಅಂತ ಆಗ್ತದೆ. ಅದರಲ್ಲಿ ಸಮುದ್ರದ ರುಚಿ ಉಂಟು."

"ಸತ್ತವರ ಎಲೆಗೆ ಕೈ ಹಾಕಿದೆಯಲ್ಲ ಮಗಾ!" ಎಂದ ತುಕ್ರ.

ಹುಡುಗಿ ಅವನ ಕಡೆ ತಿರುಗಲಿಲ್ಲ. ತಂದೆಯನ್ನೇ ನೋಡಿದಳು.

"ಸತ್ತ ಅತ್ತೆ ಬಾಯಿಬಿಟ್ಟು ಕೇಳಲೇ ಇಲ್ಲ, ಅವಳಿಗೆ ಬಂದರಕ್ಕೆ ಓಡಿದಿರಿ. ನಾನು ಎರಡು ವರ್ಷದಿಂದ ಕೇಳ್ತಾ ಇದ್ದೇನೆ. ಒಂದು ಮೀನು ಸಿಗಬೇಕಾದರೆ ನಾನೂ ಸಾಯಬೇಕಿತ್ತಾ ಅಪ್ಪ?"

ಪ್ರೇಮನಾಥನ ಕಣ್ಣು ತುಂಬಿತು. ನಾಚಿಕೆಯಿಂದ ನೆಲ ನೋಡಿದ.

"ಇದಕ್ಕೆ ಪ್ರಾಯಶ್ಚಿತ್ತ ಆಗಲೇಬೇಕು," ಎಂದ ತುಕ್ರ.

"ಆಗಬೇಕು," ಎಂದಳು ವಾರಿಜಾಕ್ಷಿ. "ಇವಳ ಎಲುಬು ಗಟ್ಟಿಯಾಗುವವರೆಗೆ, ನಾಳೆಯಿಂದ ದಿನಾ ಬೆಳಿಗ್ಗೆ ಇವರು ಬೂತಾಯಿ ತರಬೇಕು. ಬುಟ್ಟಿ ತಲೆಯ ಮೇಲೆ. ಕಾರ್ಖಾನೆಯ ಗೇಟಿನ ಎದುರಿನಿಂದಲೇ ಬರಬೇಕು, ದೊರೆಯ ಕಾರು ಬರುವ ಹೊತ್ತಿಗೆ."

ಪ್ರೇಮನಾಥ ಬಾಯಿ ಮುಚ್ಚಿಕೊಂಡು ತಲೆಯಾಡಿಸಿದ. ಎರಡು ವರ್ಷದ ಹಿಂದಿನ ಆ ಸೋಮವಾರವೇ ಅದನ್ನು ಹೀಗೆ ಮುಚ್ಚಿಕೊಂಡಿದ್ದರೆ ಮಗಳ ಕೈಯೂ ಉಳಿಯುತ್ತಿತ್ತು, ದೊರೆಯ ಮೂಗೂ ಉಳಿಯುತ್ತಿತ್ತು.